ಚರ್ಚ್ ವೆಬ್‌ಸೈಟಲ್ಲಿ ಮೊದಲು ಪೂಜೆ ಟೈಮ್ ಹಾಕಿ, ಓಡೋ ಫೋಟೋ ಆಮೇಲೆ

ಹಾಸನದಲ್ಲಿ ಕೂತು ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡೋದು ನನ್ನ ಕೆಲಸ, ಅದ್ರಲ್ಲಿ ಚರ್ಚ್‌ಗಳೂ ಇವೆ. ಕಮಿಟಿಯವರು ಬಂದ ತಕ್ಷಣ ಕೇಳೋದು ಓಡೋ ಫೋಟೋ (ಒಂದಾದ್ಮೇಲೊಂದು ತಾನಾಗೇ ಸರಿಯೋದು), ಹಿಂದೆ ಮ್ಯೂಸಿಕ್ಕು, ಬಿಷಪ್ ಸಂದೇಶ, ಚರ್ಚ್ ಇತಿಹಾಸ. ಸರಿ, ಭಾನುವಾರ ಕನ್ನಡ ಪೂಜೆ ಎಷ್ಟೊತ್ತಿಗೆ ಅನ್ನೋದನ್ನ ಎಲ್ಲಿ ಹಾಕೋಣ ಅಂದ್ರೆ "ಅದು ಎಲ್ರಿಗೂ ಗೊತ್ತಲ್ವಾ ಸರ್" ಅಂತಾರೆ. ಗೊತ್ತಿರೋರು ಸೈಟ್ ತೆಗೆಯೋದೇ ಇಲ್ಲ, ಅವರಿಗೆ ವಾಟ್ಸಾಪ್ ಗ್ರೂಪ್ ಇದೆ. ಸೈಟ್ ತೆಗೆಯೋದು ಟ್ರಾನ್ಸ್‌ಫರ್ ಆಗಿ ಬಂದ ಬ್ಯಾಂಕ್ ನೌಕರ, ಹಾಸ್ಟೆಲ್ ಸೇರಿದ ಹುಡುಗಿ, ಚಿಕ್ಕಮಗಳೂರು ಹೋಂಸ್ಟೇಗೆ ವೀಕೆಂಡ್ ಬಂದ ಬೆಂಗಳೂರು ಫ್ಯಾಮಿಲಿ, ಇಲ್ಲಾಂದ್ರೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕಾಗಿ ದುಬೈಯಿಂದ ಹುಡುಕ್ತಿರೋ ನಿಮ್ಮೂರಿನ ಹುಡುಗ. ಇವರಿಗೆ ಬೇಕಾಗಿರೋದು ಟೈಮು, ಯಾವ ಭಾಷೆ ಪೂಜೆ ಅನ್ನೋದು (ನಮ್ಮ ಕಡೆ ಕನ್ನಡ, ಕೊಂಕಣಿ, ಎಸ್ಟೇಟ್ ಕಡೆ ಹೋದ್ರೆ ತಮಿಳು ಎಲ್ಲಾ ಇದೆಯಲ್ಲ), ದಾರಿ, ಆಫೀಸ್ ಫೋನ್ ನಂಬರು, ಅಷ್ಟೇ. ಗೂಗಲ್ ಮ್ಯಾಪಲ್ಲೂ ನಿಮ್ಮ ಚರ್ಚನ್ನ ನೀವೇ ಕ್ಲೈಮ್ ಮಾಡ್ಕೊಂಡು (ಇದು ನಮ್ದೇ ಅಂತ ಗೂಗಲ್‌ಗೆ ತೋರಿಸ್ಕೊಂಡು) ಕ್ರಿಸ್‌ಮಸ್, ಗುಡ್ ಫ್ರೈಡೆ ಟೈಮ್ ಬದಲಾಯಿಸಿ, ಯಾಕಂದ್ರೆ ಹಾಸನ ಚರ್ಚ್ ಅಂತ ಹುಡುಕಿದೋರಿಗೆ ಹೇಮಾವತಿ ಹಿನ್ನೀರಲ್ಲಿ ನಿಂತಿರೋ ಶೆಟ್ಟಿಹಳ್ಳಿ ಪಾಳು ಚರ್ಚಿನ ಫೋಟೋಗಳೇ ಎದುರಾಗ್ತವೆ, ಅಲ್ಲಿ ಪೂಜೆಗೆ ಹೋಗೋಕಾಗುತ್ತಾ!

ನಮ್ಮಲ್ಲಿ ನಿಜವಾಗಿ ತಲೆನೋವು ಕೊಡೋದು ಫಾಂಟು. ವಾರದ ಪ್ರಕಟಣೆನ ಡಿಟಿಪಿ ಅಂಗಡಿಲಿ ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿರ್ತಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರ್ತವೆ, ಅದನ್ನ ಹಾಗೇ ಕಾಪಿ ಮಾಡಿ ಸೈಟಿಗೆ ಹಾಕಿದ್ರೆ ಆಕಾರ ಕಳಚಿ ಬರೀ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತೆ. ಆಗ ಏನ್ಮಾಡ್ತಾರೆ, ಪ್ರಿಂಟ್ ಹಾಳೆದು ಫೋಟೋ ಹೊಡೆದು ಅಪ್‌ಲೋಡ್. ಫೋನಲ್ಲಿ ಝೂಮ್ ಮಾಡಿ ಓದ್ಬೇಕು, ಗೂಗಲ್‌ಗೆ ಆ ಪಠ್ಯ ಸರಿಯಾಗಿ ಸಿಗಲ್ಲ, ಕಣ್ಣು ಕಾಣದವರ ಫೋನ್ ಅದನ್ನ ಓದಿ ಹೇಳೋದೂ ಕಷ್ಟ, ಜೊತೆಗೆ ಮೂಡಿಗೆರೆ ಒಳಗಿನ ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಲ್ಲಿ ಮಳೆಗಾಲದ ನೆಟ್‌ವರ್ಕಲ್ಲಿ ಆ ಫೋಟೋ ಲೋಡ್ ಆಗೋಷ್ಟರಲ್ಲಿ ಪೂಜೆನೇ ಮುಗಿದಿರುತ್ತೆ. ಯೂನಿಕೋಡಲ್ಲೇ (ಕನ್ನಡ ಅಕ್ಷರಕ್ಕೆ ತನ್ನದೇ ಜಾಗ ಇರೋ ಪದ್ಧತಿ) ಟೈಪ್ ಮಾಡಿಸಿ, ನುಡಿಯಲ್ಲೇ ಆ ಆಯ್ಕೆ ಇದೆ. ಹಳೇದನ್ನ ಕನ್ವರ್ಟರಲ್ಲಿ ಹಾಕಿದ್ರೆ ಅರ್ಕಾವತ್ತು ಇರೋ ಕಡೆ ಒಂದ್ಸಲ ಕಣ್ಣಾಡಿಸಿ, "ಧರ್ಮಗುರು" ಅನ್ನೋದೇ ಎಡವಟ್ಟಾಗಿರುತ್ತೆ.

ಪೂಜೆನ ಯೂಟ್ಯೂಬಲ್ಲಿ ಲೈವ್ ತೋರಿಸೋದರ ಬಗ್ಗೆ ಜಾಸ್ತಿ ಹೇಳಲ್ಲ. ಧಾರ್ಮಿಕ ವಿಧಿಯ ಭಾಗವಾಗಿ ಹಾಡೋದಕ್ಕೆ 1957ರ ಕಾಪಿರೈಟ್ ಕಾಯ್ದೆ 52ನೇ ಸೆಕ್ಷನ್ನಲ್ಲಿ ವಿನಾಯ್ತಿ ಇದೆ, ಆದ್ರೆ ಯೂಟ್ಯೂಬಿನ ಯಂತ್ರಕ್ಕೆ ಕಾಯ್ದೆ ಗೊತ್ತಿಲ್ಲ, ರೆಕಾರ್ಡ್ ಟ್ರ್ಯಾಕ್ ಹಾಕಿದ್ರೆ ಕಾಪಿರೈಟ್ ಕ್ಲೈಮ್ ಹಾಕೋದೇ ಜಾಸ್ತಿ. ನಿಮ್ಮ ಗಾಯನ ತಂಡ ಬಾಯಲ್ಲಿ ಹಾಡಿದ್ರೆ ಈ ಕಾಟ ಎಷ್ಟೋ ಕಮ್ಮಿ.

ಪ್ರಾರ್ಥನೆ ಕೋರಿಕೆ ಹಾಕುವಾಗ ಕೈ ಸ್ವಲ್ಪ ಬಿಗಿ ಇರ್ಲಿ. ಇಂಥವರಿಗೆ ಇಂಥಾ ಕಾಯಿಲೆ, ಇಂಥಾ ವಾರ್ಡು ಅಂತ ಗ್ರೂಪಲ್ಲಿ ಹಾಕ್ತಾರೆ, ಒಳ್ಳೇ ಮನಸ್ಸೇ, ಆದ್ರೆ ಸಂಜೆಯೊಳಗೆ ಅದು ಊರೆಲ್ಲ ಸುತ್ತಿರುತ್ತೆ, ಮನೆಯವರನ್ನ ಕೇಳಿರೋದೇ ಇಲ್ಲ. ಮಕ್ಕಳ ಫೋಟೋನೂ ಹಾಗೇ, 2023ರ ಡೇಟಾ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲ ಮಕ್ಕಳೇ ಅನ್ನುತ್ತೆ, ಅಪ್ಪ ಅಮ್ಮನ ಒಪ್ಪಿಗೆ ತಗೊಂಡೇ ಹಾಕಿ.

ಕಾಣಿಕೆಗೆ ಕ್ಯೂಆರ್ ಹಾಕೋದಾದ್ರೆ ಸ್ಕ್ಯಾನ್ ಮಾಡಿದಾಗ ಚರ್ಚ್ ಹೆಸರೇ ಬರ್ಬೇಕು, ಖಜಾಂಚಿದಲ್ಲ. ವಿದೇಶದಲ್ಲಿರೋರ ವಿಷಯದಲ್ಲಿ ಇನ್ನೂ ಹುಷಾರಾಗಿರಿ: ಭಾರತದ ಪಾಸ್‌ಪೋರ್ಟ್ ಇರೋ ಮಗ ಸ್ವಂತ ದುಡಿಮೆ ಹಣನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ, ಅದೇ ಅವನು ಅಲ್ಲಿನ ಪೌರತ್ವ ತಗೊಂಡಿದ್ರೆ, ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡೋದು) ಇದ್ರೂ, ಅದು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ಬರುತ್ತೆ. ಅದಕ್ಕೆ ಅನುಮತಿ ಬೇಕು, ಹಣ ಮೊದಲು ಇಳಿಯಬೇಕಾಗಿರೋದು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಪೇಜಲ್ಲಿ ಇದನ್ನ ಎರಡು ಸಾಲು ಬರೆದುಬಿಡಿ, ಆಮೇಲೆ ಆಡಿಟರ್ ಹತ್ರ ಬೈಸ್ಕೊಳ್ಳೋದು ತಪ್ಪುತ್ತೆ.

ಇನ್ನು ಡೊಮೈನು, ಅಂದ್ರೆ ಸೈಟಿನ ವಿಳಾಸ. ಯುವಕ ಸಂಘದ ಯಾರೋ ಹುಡುಗ ಉತ್ಸಾಹದಲ್ಲಿ ತನ್ನ ಜಿಮೇಲಲ್ಲಿ ತಗೊಂಡಿರ್ತಾನೆ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗ್ತಾನೆ, ರಿನ್ಯೂವಲ್ ಮೇಲ್ ಅವನ ಇನ್‌ಬಾಕ್ಸಲ್ಲೇ ಕೊಳೆಯುತ್ತೆ, ಕೊನೆಗೆ ಆ ವಿಳಾಸನ ಇನ್ಯಾರೋ ಹಿಡ್ಕೊಂಡು ಬೆಟ್ಟಿಂಗ್ ಜಾಹೀರಾತು ಹಾಕಿರ್ತಾರೆ. ಡೊಮೈನ್ ಚರ್ಚ್ ಹೆಸರಲ್ಲೇ ಇರ್ಲಿ, ಮೇಲ್ ಐಡಿ ಫಾದರ್ ವರ್ಗ ಆದ್ರೂ ಬದಲಾಗದೇ ಇರೋದು ಇರ್ಲಿ, ಪಾಸ್‌ವರ್ಡ್ ಆಫೀಸ್ ಬೀರುಲಿ ಬರೆದಿಡಿ, ಸಾಧ್ಯವಾದ್ರೆ 5 ವರ್ಷದ್ದು ಒಟ್ಟಿಗೇ ಕಟ್ಟಿಬಿಡಿ.