ಕ್ಲಾಸಲ್ಲೇ ಸರಿಯಾಗಿ ಕಲಿಯದ ಮಕ್ಕಳನ್ನ ಸಂತೆಗೆ ಯಾಕೆ ಕರ್ಕೊಂಡು ಹೋಗ್ತೀರ ಮೇಡಂ?

ವಿಶೇಷ ಮಕ್ಕಳಿಗೆ ಪಾಠ ಮಾಡುವ ಯಾರನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ಪೋಷಕರು ಕೇಳುತ್ತಾರೆ, ಹೆಡ್‌ಮಾಸ್ಟರ್ ಕೇಳುತ್ತಾರೆ, ಈಗ ಓದುಗರೂ ಕೇಳಿದ್ದೀರಿ. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ, ಅದಕ್ಕೆ ಈ ಸಲ ಬಿಡಿಸಿ ಬರೆಯುತ್ತೇನೆ. ಸಂತೆ ವ್ಯವಹಾರ ಕಲಿಯುವುದು ಸಂತೆಯಲ್ಲೇ, ಅದಕ್ಕೇ ಕರ್ಕೊಂಡು ಹೋಗುತ್ತೇವೆ.

"ಮೊದಲು ಒಳಗೆ ರೆಡಿಯಾಗಲಿ, ಆಮೇಲೆ ಹೊರಗೆ ಹೋಗಲಿ" ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ. ಬೌದ್ಧಿಕ ನ್ಯೂನತೆ ಇರುವ ಬಹಳಷ್ಟು ಮಕ್ಕಳಿಗೆ ದೊಡ್ಡ ಕಷ್ಟವೇ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು. ಕ್ಲಾಸಿನಲ್ಲಿ ಪ್ಲಾಸ್ಟಿಕ್ ನಾಣ್ಯ ಇಟ್ಟು "ಹತ್ತು ರೂಪಾಯಿ ಕೊಡು" ಅಂದರೆ ಹುಡುಗ ಸರಿಯಾಗಿ ಎತ್ತಿ ಕೊಡುತ್ತಾನೆ. ಅಂಗಡಿಗೆ ಹೋಗಿ ನೋಡಿ. ಅಲ್ಲಿ ಹತ್ತು ರೂಪಾಯಿ ನಾಣ್ಯ ನಡೆಯಲ್ಲ, ನೋಟು ಕೊಡು ಅನ್ನುವವರಿದ್ದಾರೆ. ಎರಡು ರೂಪಾಯಿ ಚಿಲ್ಲರೆಗೆ ಚಾಕೊಲೇಟ್ ಕೊಡುತ್ತಾರೆ. ಪಕ್ಕದವರು ದುಡ್ಡೇ ಕೊಡದೆ ಫೋನ್ ತೋರಿಸಿ ಸಾಮಾನು ತಗೊಂಡು ಹೋಗುತ್ತಾರೆ. ಇದರಲ್ಲಿ ಯಾವುದು ನಮ್ಮ ಚಾರ್ಟಿನಲ್ಲಿದೆ? ಹುಡುಗ ನಿಂತುಬಿಡುತ್ತಾನೆ, ನೋಡಿದವರು "ಪಾಪ, ಅರ್ಥ ಆಗಲ್ಲ" ಅನ್ನುತ್ತಾರೆ. ಅವನಿಗೆ ಅರ್ಥ ಆಗದೆ ಅಲ್ಲ, ನಾವು ತೋರಿಸದೆ. ಬಾವಿ ದಡದಲ್ಲಿ ನಿಲ್ಲಿಸಿ ಈಜು ಹೇಳಿಕೊಟ್ಟ ಹಾಗೆ ಇದು. ಮತ್ತೆ ಈ "ರೆಡಿ" ಅನ್ನೋದು ಯಾವಾಗ ಬರುತ್ತದೆ? ರೆಡಿಯಾಗಲಿ ಅಂತ ಕಾಯ್ದು ಕಾಯ್ದೇ ಹದಿನೆಂಟು ದಾಟಿ, ಒಬ್ಬರೇ ಬಸ್ ಹತ್ತದ ಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

ಬಡ ಮನೆಯಲ್ಲಿ ಇದು ಇನ್ನೂ ಜಾಸ್ತಿ. ಅಮ್ಮ ಕೂಲಿಗೆ ಹೋಗಬೇಕು, ಮಗು ಅಜ್ಜಿ ಜೊತೆ ಮನೆಯಲ್ಲೇ. ಮದುವೆಗೂ ಕರ್ಕೊಂಡು ಹೋಗಲ್ಲ, ಜಾತ್ರೆಗೂ ಇಲ್ಲ, ಜನ ಏನಂತಾರೋ ಅಂತ. ಹಾಗೆ ಬೆಳೆದ ಮಗುವಿಗೆ ಗೊತ್ತಿಲ್ಲದ್ದನ್ನೆಲ್ಲ ನ್ಯೂನತೆಯ ಲೆಕ್ಕಕ್ಕೆ ಬರೆಯುತ್ತೇವೆ, ಅದರಲ್ಲಿ ಅರ್ಧ ಬರೀ ನೋಡದೇ ಇದ್ದದ್ದು.

ಖರ್ಚಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೂ ಅಮ್ಮಂದಿರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹುಡುಗರಿಗೆ ಅಂಗವಿಕಲರ ಪಾಸ್ ಮಾಡಿಸಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ರೈಲಿನಲ್ಲಿ, ಒಬ್ಬರೇ ಪ್ರಯಾಣ ಮಾಡಲಾಗದ ಬುದ್ಧಿಮಾಂದ್ಯರಿಗೂ ಜೊತೆಗೆ ಹೋಗುವ ಒಬ್ಬರಿಗೂ ಸೆಕೆಂಡ್ ಕ್ಲಾಸಿನಲ್ಲಿ ಶೇ. 75 ರಿಯಾಯಿತಿ ಇದೆ. ಮೊದಲ ಸಲವೇ ದೂರ ಹೋಗಬೇಡಿ. ವಾರವಾರ ಅದೇ ಸಂತೆ, ಅದೇ ತರಕಾರಿಯವರು, ಕೈಯಲ್ಲಿ ನಿಜವಾದ ದುಡ್ಡು. ವರ್ಷಕ್ಕೊಂದು ಮೈಸೂರು ಝೂ ಟೂರಿಗಿಂತ ಇದರಿಂದ ಕಲಿಯುವುದು ಹೆಚ್ಚು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು. ಇಂಥ ಮಗು ನಿಮ್ಮ ಅಂಗಡಿಗೆ ಬಂದರೆ ನೀವೇನು ಮಾಡಬೇಕು? ಟೀಚರ್ ಮುಖ ನೋಡಿ "ಏನು ಬೇಕಂತೆ ಇವನಿಗೆ?" ಅಂತ ಕೇಳಬೇಡಿ, ಅವನನ್ನೇ ಕೇಳಿ. ಮಾತು ಹೊರಡಲು ಹೊತ್ತಾದರೆ ಕಾಯಿರಿ. ಮಾತು ಬಾರದಿದ್ದರೆ ಬೆರಳು ತೋರಿಸುತ್ತಾನೆ, ಅದೂ ಮಾತೇ ಅಲ್ವಾ? ಮತ್ತೆ ಪಾಪ ಅಂತ ಸುಮ್ನೆ ಬಾಳೆಹಣ್ಣು ಕೈಗಿಡಬೇಡಿ. ಅವನು ದುಡ್ಡು ಎಣಿಸಿ ಕೊಡುವವರೆಗೆ ನಿಂತು, ಎಣಿಸಿ ತಗೊಳ್ಳಿ.