ಖಾತೆಗೆ ಏರದ ಚೀಟಿ

ಕಲಬುರಗಿಯಲ್ಲಿ ಮಾರ್ಚ್ ಕಳೆದ ಮೇಲೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರನ್ನು ಮಧ್ಯಾಹ್ನದಲ್ಲಿ ದುಡಿಸಿ ಪ್ರಯೋಜನವಿಲ್ಲ. ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟುತ್ತಿದ್ದಂತೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ನನ್ನ ಪ್ರಯೋಗಗಳು ಬೆಳಗಿನ ಜಾವದಲ್ಲೇ ನಡೆಯುತ್ತವೆ. ಮೊನ್ನೆ ಅದರಲ್ಲಿ 512 ಎಂಬಿ ಮೆಮೊರಿಯ ಒಂದು ವರ್ಚುವಲ್ ಮಷೀನನ್ನು, ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರನ್ನು ಆರಂಭಿಸಿ, ಲಿನಕ್ಸ್ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಒಳಗಿನ ಆಗುಹೋಗುಗಳನ್ನು ದಾಖಲಿಸುವ ಸಾಲುಗಳನ್ನು ಪರದೆಯ ಮೇಲೆ ತೆರೆದಿಟ್ಟೆ. ಒಳಗಿನ ಯಂತ್ರ ತನ್ನ ಮೊಟ್ಟಮೊದಲ ಆದೇಶವನ್ನು ಓದಲು ಹೋದೊಡನೆಯೇ ‘ಗೆಸ್ಟ್ ಫಾಲ್ಟ್’ ಎಂಬ ಸಾಲು ಮೂಡಿತು. ಅದರ ಬೆನ್ನಿಗೇ ಅಂಥವೇ ಸಾಲುಗಳು ಪರದೆ ತುಂಬ ಹರಿದವು. ಹೊಸಬರು ಇದನ್ನು ಕಂಡರೆ ಯಂತ್ರ ಕೆಟ್ಟಿತೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಏನೂ ಕೆಟ್ಟಿರುವುದಿಲ್ಲ.

ಫಾಲ್ಟ್ ಎಂಬ ಪದವನ್ನು ‘ದೋಷ’ ಎಂದು ಕನ್ನಡಿಸುವುದು ಇಲ್ಲಿ ದಾರಿ ತಪ್ಪಿಸುತ್ತದೆ. ‘ನಾನು ಕೇಳಿದ ವಿಳಾಸದಲ್ಲಿ ಸದ್ಯಕ್ಕೆ ಏನೂ ಇಲ್ಲ, ವ್ಯವಸ್ಥೆ ಮಾಡಿಕೊಡಿ’ ಎಂದು ಪ್ರೊಸೆಸರ್ ಸಲ್ಲಿಸುವ ಅರ್ಜಿ ಅದು. ಈ ಉಪಾಯ ಹೊಸದೇನಲ್ಲ. ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕೆಲಸ ಆರಂಭಿಸಿದ ಅಟ್ಲಾಸ್ ಕಂಪ್ಯೂಟರಿನಲ್ಲಿಯೇ, ಬೇಕಾದ ಪುಟ (ಮಾಹಿತಿಯ ನಿಗದಿತ ಗಾತ್ರದ ಒಂದು ಭಾಗ) ಮೆಮೊರಿಯಲ್ಲಿ ಇಲ್ಲದಿದ್ದರೆ ಕೆಲಸವನ್ನು ತಡೆದು, ಪುಟವನ್ನು ತರಿಸಿ, ಮತ್ತೆ ಮುಂದುವರಿಸುವ ಏರ್ಪಾಡಿತ್ತು. ವರ್ಚುವಲ್ ಮಷೀನುಗಳಲ್ಲಿ ಇದೇ ಏರ್ಪಾಡು ಎರಡು ಅಂತಸ್ತಿನದಾಗುತ್ತದೆ. ಲಿನಕ್ಸಿನಲ್ಲಿ ಈ ಹೊಣೆ ಹೊತ್ತಿರುವುದು ಕರ್ನಲ್ಲಿನ ಭಾಗವಾದ ಕೆವಿಎಂ. ಅದು 2007ರಲ್ಲಿ ಲಿನಕ್ಸ್ 2.6.20ರೊಂದಿಗೆ ಬಂದಿತು, ಪೈಯಲ್ಲಿರುವಂಥ ಆರ್ಮ್ ಪ್ರೊಸೆಸರುಗಳಿಗೆ 2013ರಲ್ಲಿ ಒದಗಿತು.

ಒಳಗಿನ ಯಂತ್ರದಲ್ಲಿ ಓಡುವ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಗೆಸ್ಟ್‌ಗೆ, ತಾನೇ ಇಡೀ ಯಂತ್ರದ ಒಡೆಯ ಎಂಬ ಭಾವನೆ. ಅದು ತನ್ನ ಪ್ರೋಗ್ರಾಮುಗಳ ವಿಳಾಸಗಳನ್ನು ‘ಭೌತಿಕ’ ವಿಳಾಸಗಳಿಗೆ ಹೊಂದಿಸುವ ಕೋಷ್ಟಕಗಳನ್ನು ತಾನೇ ಬರೆದುಕೊಳ್ಳುತ್ತದೆ. ಆದರೆ ಆ ಭೌತಿಕ ವಿಳಾಸವೂ ಒಂದು ಕಲ್ಪನೆಯೇ. ಅದನ್ನು ನಿಜವಾದ ಮೆಮೊರಿಗೆ ಹೊಂದಿಸುವ ಎರಡನೆಯ ಕೋಷ್ಟಕ ಗೆಸ್ಟ್‌ನ ಕಣ್ಣಿಗೆ ಬೀಳದಂತೆ ಕೆವಿಎಂ ಕೈಯಲ್ಲಿರುತ್ತದೆ. ಆರಂಭದಲ್ಲಿ ಈ ಎರಡನೆಯ ಕೋಷ್ಟಕ ಖಾಲಿ. 512 ಎಂಬಿ ಕೊಟ್ಟಿದ್ದೇವೆ ಎಂಬುದು ಬರಿಯ ಮಾತು. ಗೆಸ್ಟ್ ಕೈಚಾಚಿದ ಪುಟವನ್ನಷ್ಟೇ, ಸಾಮಾನ್ಯವಾಗಿ 4 ಕೆಬಿಯಂತೆ, ಆಗಿಂದಾಗ ಒದಗಿಸಲಾಗುತ್ತದೆ. ಕೋಷ್ಟಕದಲ್ಲಿ ನಮೂದು ಸಿಗದಿದ್ದಾಗ ಪ್ರೊಸೆಸರ್ ಗೆಸ್ಟ್ ಅನ್ನು ಅಲ್ಲಿಯೇ ನಿಲ್ಲಿಸಿ, ಯಾವ ವಿಳಾಸ, ಓದಲೋ ಬರೆಯಲೋ, ತಡೆದ ಕಾರಣವೇನು ಎಂಬುದನ್ನು ರಿಜಿಸ್ಟರುಗಳೆಂಬ ತನ್ನೊಳಗಿನ ಪುಟ್ಟ ಖಾನೆಗಳಲ್ಲಿ ಗುರುತು ಹಾಕಿ ಕೆವಿಎಂಗೆ ಒಪ್ಪಿಸುತ್ತದೆ.

ಎಲ್ಲ ಅರ್ಜಿಗೂ ಒಂದೇ ಉತ್ತರವಿಲ್ಲ. ಒಳಗಿನ ಯಂತ್ರದ ಸಲಕರಣೆಗಳನ್ನು ಅನುಕರಿಸುವ ಕ್ಯೂಇಎಂಯು ಎಂಬ ಪ್ರೋಗ್ರಾಮು ಕಟ್ಟಿಕೊಡುವ ‘ವರ್ಟ್’ ಎಂಬ ಆರ್ಮ್ ಯಂತ್ರದಲ್ಲಿ ಮೆಮೊರಿ 1 ಜಿಬಿ ಗುರುತಿನಿಂದ ಆರಂಭವಾಗುತ್ತದೆ; ಅದಕ್ಕಿಂತ ಕೆಳಗೆ, 144 ಎಂಬಿ ಗುರುತಿನಲ್ಲಿ, ಅಕ್ಷರಗಳನ್ನು ಹೊರಗೆ ಕಳಿಸುವ ಸೀರಿಯಲ್ ಪೋರ್ಟ್ ಇರುತ್ತದೆ. ಇರುತ್ತದೆ ಎಂಬುದು ಗೆಸ್ಟ್‌ನ ನಂಬಿಕೆಯಷ್ಟೇ; ನಿಜದಲ್ಲಿ ಅಲ್ಲಿ ಮೆಮೊರಿಯೂ ಇಲ್ಲ, ಪೋರ್ಟೂ ಇಲ್ಲ. ಆ ವಿಳಾಸಕ್ಕೆ ಬರೆಯಲು ಹೋದಾಗಲೆಲ್ಲ ಫಾಲ್ಟ್ ಆಗುತ್ತದೆ, ಕೆವಿಎಂ ಅದನ್ನು ಕ್ಯೂಇಎಂಯುಗೆ ದಾಟಿಸುತ್ತದೆ, ಅದು ಪೋರ್ಟಿನ ವೇಷ ಹಾಕಿ ಉತ್ತರ ಕೊಡುತ್ತದೆ. ಬೂಟ್ ಆಗುವಾಗ ಆ ಪೋರ್ಟಿನ ಮೂಲಕ ಬರುವ ಸಂದೇಶದ ಒಂದೊಂದು ಅಕ್ಷರದ ಹಿಂದೆಯೂ ಇಂಥ ಫಾಲ್ಟ್ ಇದೆ ಎಂಬುದು ನನಗೆ ಈಗಲೂ ಸೋಜಿಗವೇ.

ಅರ್ಜಿ ನಿಜವಾದ ಮೆಮೊರಿಯ ಕುರಿತಾಗಿದ್ದರೆ ಕೆಲಸ ಸುಲಭವೆಂದು ತೋರುತ್ತದೆ: ಒಂದು ಪುಟ ಹುಡುಕು, ಕೋಷ್ಟಕದಲ್ಲಿ ನಮೂದಿಸು, ಗೆಸ್ಟ್ ಅನ್ನು ಮುಂದಕ್ಕೆ ಬಿಡು. ಹೆಚ್ಚಿನ ವಿವರಣೆಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ವಿಳಾಸ ಸರಿಯಿದ್ದ ಮಾತ್ರಕ್ಕೆ ಅಲ್ಲಿ ಕಾಣುವ ಸರಕು ಸರಿಯಿರಬೇಕೆಂದೇನೂ ಇಲ್ಲ, ಏಕೆಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಕ್ಯಾಶ್ ಇದೆ. (ಗಂಜಿನಲ್ಲಿ, ಅಂದರೆ ನಮ್ಮೂರ ಧಾನ್ಯದ ಪೇಟೆಯಲ್ಲಿ, ಕ್ಯಾಶ್ ಎಂದರೆ ರೊಕ್ಕ; ಇದು ಬೇರೆ, ಆದರೂ ಇದನ್ನು ತಿಳಿಯಲು ಗಂಜಿಗೇ ಹೋಗೋಣ.)

ತೊಗರಿಯ ಸುಗ್ಗಿಯಲ್ಲಿ ನೆಹರು ಗಂಜಿನ ಅಡತ ಅಂಗಡಿಗಳಿಗೆ ಚೀಲಗಳು ಸಾಲುಸಾಲಾಗಿ ಬಂದಿಳಿಯುವಾಗ, ಮುನೀಮರು ಪ್ರತಿ ತೂಕಕ್ಕೂ ಖಾತೆ ಪುಸ್ತಕ ತೆರೆಯುತ್ತ ಕೂರುವುದಿಲ್ಲ. ಕೈಯಲ್ಲಿನ ಚೀಟಿಗೆ ಗೀಚಿಕೊಂಡು, ಗದ್ದಲ ತಗ್ಗಿದ ಮೇಲೆ ಖಾತೆಗೆ ಏರಿಸುತ್ತಾರೆ. ಒಮ್ಮೆ ನಮ್ಮ ಕಾಕಾ ಇಳಿಸಿದ ಮಾಲಿನ ಲೆಕ್ಕ ನೋಡಲು ಹೋಗಿ, ಖಾತೆಯಲ್ಲಿ ಐದು ಚೀಲ ಕಡಿಮೆ ಕಂಡು ಜಗಳಕ್ಕೆ ನಿಂತಿದ್ದರು. ‘ಖಾತಿಗಿ ಇನ್ನಾ ಏರ್ಸಿಲ್ರಿ ಕಾಕಾ’ ಎಂದು ಮುನೀಮರು ಚೀಟಿ ತೋರಿಸಿದ ಮೇಲೆಯೇ ಸಮಾಧಾನ. ಕ್ಯಾಶ್ ಮಾಡುವುದೂ ಇದನ್ನೇ. ಪ್ರೊಸೆಸರ್ ಬರೆದದ್ದು 64 ಬೈಟುಗಳ ತುಣುಕುಗಳಾಗಿ ಕ್ಯಾಶಿನಲ್ಲಿ ಉಳಿದು, ಪುರಸೊತ್ತಾದಾಗ ಮೆಮೊರಿಗೆ ಏರುತ್ತದೆ. ಎಲ್ಲರೂ ಚೀಟಿಯನ್ನೇ ನೋಡುವವರಾದರೆ ತೊಂದರೆಯಿಲ್ಲ. ನೇರ ಖಾತೆಯನ್ನೇ ಓದುವವನು ಬಂದಾಗ ಲೆಕ್ಕ ತಪ್ಪುತ್ತದೆ.

ಆಗತಾನೇ ಎಚ್ಚರಗೊಂಡ ಗೆಸ್ಟ್ ಅಂಥವನೇ. ಆರ್ಮ್ ನಿಯಮದ ಪ್ರಕಾರ, ಗೆಸ್ಟ್ ತನ್ನ ವಿಳಾಸ ಕೋಷ್ಟಕಗಳನ್ನು ಚಾಲೂ ಮಾಡುವವರೆಗೆ ಅದು ದತ್ತಾಂಶವನ್ನು ಓದುವುದೂ ಬರೆಯುವುದೂ ಕ್ಯಾಶ್ ಅನ್ನು ಬಳಸದೆಯೇ. ಇತ್ತ ಕ್ಯೂಇಎಂಯು ಗೆಸ್ಟ್‌ನ ಕರ್ನಲ್ಲನ್ನು ಅದರ ಮೆಮೊರಿಗೆ ನಕಲು ಮಾಡಿರುವುದು ಕ್ಯಾಶಿನ ಮೂಲಕ. ನಕಲಿನ ಒಂದಷ್ಟು ತುಣುಕುಗಳು ಇನ್ನೂ ‘ಚೀಟಿ’ಯಲ್ಲೇ ಇರುವಾಗ ಗೆಸ್ಟ್ ಖಾತೆ ತೆರೆದರೆ, ಅದಕ್ಕೆ ಕಾಣುವುದು ಹಿಂದೆ ಅಲ್ಲಿದ್ದ ಏನೋ. ಯಂತ್ರ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಎದ್ದು, ಹತ್ತನೆಯ ಸಲ ಯಾವ ಸುಳಿವೂ ಕೊಡದೆ ಸ್ತಬ್ಧವಾಗುವ ಬಗೆಯ ತೊಂದರೆ ಇದು. ಹಾಗಾಗಿ ಕೆವಿಎಂ ಫಾಲ್ಟ್ ನಿಭಾಯಿಸುವಾಗ, ಕೋಷ್ಟಕದಲ್ಲಿ ನಮೂದಿಸುವ ಮುನ್ನ, ಆ ಪುಟದ ಪ್ರತಿಯೊಂದು ತುಣುಕನ್ನೂ ಕ್ಯಾಶಿನಿಂದ ಮೆಮೊರಿಗೆ ಏರಿಸಿ, ಕ್ಯಾಶಿನಲ್ಲಿರುವ ಪ್ರತಿಯನ್ನು ರದ್ದುಮಾಡುತ್ತದೆ. ರದ್ದತಿಗೂ ಕಾರಣವುಂಟು: ಗೆಸ್ಟ್ ನೇರವಾಗಿ ಖಾತೆಯಲ್ಲಿ ಬರೆದ ಮೇಲೆ ಹಳೆಯ ಚೀಟಿ ಉಳಿದಿದ್ದರೆ, ಮುಂದೆ ಕ್ಯಾಶ್ ಚಾಲೂ ಆದಾಗ ಆ ಹಳೆಯ ಚೀಟಿಯೇ ನಿಜವೆಂದು ತೋರೀತು.

ಇದರಲ್ಲಿ ಗುಟ್ಟು ಕಾಯುವ ಪ್ರಶ್ನೆಯೂ ಅಡಗಿದೆ, ಅದು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರ. ಬೇರೊಬ್ಬರು ಬಳಸಿ ಬಿಟ್ಟ ಪುಟವನ್ನು ಹೊಸ ಗೆಸ್ಟ್‌ಗೆ ಕೊಡುವ ಮೊದಲು ಕರ್ನಲ್ ಅದರಲ್ಲಿ ಸೊನ್ನೆ ತುಂಬುತ್ತದೆ. ಆ ಸೊನ್ನೆಗಳು ಕ್ಯಾಶಿನಲ್ಲೇ ಉಳಿದಿದ್ದರೆ, ಮೆಮೊರಿಯಲ್ಲಿ ಹಿಂದಿನವರ ಮಾಹಿತಿ ಹಾಗೆಯೇ ಇರುತ್ತದೆ. ಕ್ಯಾಶ್ ಬಳಸದೆ ಓದುವ ಗೆಸ್ಟ್ ಅದನ್ನು ಅನಾಯಾಸವಾಗಿ ನೋಡಬಹುದು.

ಬೆಲೆ ಎಷ್ಟು? 4 ಕೆಬಿ ಪುಟಕ್ಕೆ 64 ತುಣುಕು, ಅಂದರೆ 64 ಆದೇಶ. ವೇಗಕ್ಕಾಗಿ ಒಮ್ಮೆಲೇ 2 ಎಂಬಿ ಕೊಟ್ಟರೆ 32,768. ಇದರ ಮೇಲೆ ಪೈ 4ರ ಪ್ರತಿ ಕೋರಿನಲ್ಲೂ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಆದೇಶ ನಡೆಸುವ ಘಟಕ) ಆದೇಶಗಳಿಗೆ 48 ಕೆಬಿ, ದತ್ತಾಂಶಕ್ಕೆ 32 ಕೆಬಿ ಎಂದು ಪ್ರತ್ಯೇಕ ಕ್ಯಾಶುಗಳಿವೆ; ದತ್ತಾಂಶವೆಂದು ಬರೆದದ್ದು ಮುಂದೆ ಆದೇಶವಾಗಿ ಓಡುವುದಿದ್ದರೆ ಆದೇಶದ ಕ್ಯಾಶಿನ ಹಳೆಯ ಪ್ರತಿಯನ್ನೂ ಅಳಿಸಬೇಕು. ಇದನ್ನು ಪ್ರತಿ ಪುಟಕ್ಕೂ ಮಾಡುವುದು ದಂಡವೆಂದು ಅರಿತ ಕೆವಿಎಂ ಅಭಿವರ್ಧಕರು ಒಂದು ಜಾಣತನ ಮಾಡಿದರು: ಪುಟವನ್ನು ಮೊದಲು ಓಡಿಸುವ ಅನುಮತಿಯಿಲ್ಲದೆ ಕೊಡುವುದು, ಗೆಸ್ಟ್ ನಿಜವಾಗಿ ಅಲ್ಲಿಂದ ಆದೇಶ ಓದಲು ಬಂದು ಮತ್ತೊಂದು ಫಾಲ್ಟ್ ಆದಾಗ ಮಾತ್ರ ಅಳಿಸುವುದು. ಬಹುಪಾಲು ಪುಟಗಳಿಗೆ ಆ ಸರದಿ ಬರುವುದೇ ಇಲ್ಲ.

ಗೆಸ್ಟ್ ತಾನೇ ಕ್ಯಾಶ್ ತೊಳೆಯಲು ಹೊರಟಾಗ ಪೇಚು ಬೇರೆ. ವಿಳಾಸ ಹೇಳದೆ, ಕ್ಯಾಶಿನ ಗೂಡುಗಳನ್ನು ಒಂದೊಂದಾಗಿ ಎಣಿಸುತ್ತ ಖಾಲಿ ಮಾಡುವ ಹಳೆಯ ಆದೇಶಗಳು ಆರ್ಮ್‌ನಲ್ಲಿವೆ. ಅವು ಆ ಒಂದು ಕೋರಿಗೆ ಮಾತ್ರ ಅನ್ವಯ. ಎಣಿಕೆಯ ನಡುವೆ ಗೆಸ್ಟ್ ಅನ್ನು ಬೇರೆ ಕೋರಿಗೆ ವರ್ಗಾಯಿಸಿದರೆ, ಅರ್ಧ ಗೂಡುಗಳನ್ನು ಒಂದು ಮನೆಯಲ್ಲೂ ಉಳಿದರ್ಧವನ್ನು ಪಕ್ಕದ ಮನೆಯಲ್ಲೂ ಗುಡಿಸಿದಂತಾಗುತ್ತದೆ. ಆದ್ದರಿಂದ ಕೆವಿಎಂ ಈ ಆದೇಶಗಳನ್ನು ತಡೆಹಿಡಿದು, ಬದಲಿಗೆ ಗೆಸ್ಟ್‌ಗೆ ಕೊಟ್ಟ ಅಷ್ಟೂ ಮೆಮೊರಿಯನ್ನು ವಿಳಾಸದ ಪ್ರಕಾರ ಶುಚಿಗೊಳಿಸುತ್ತದೆ. ದುಬಾರಿ, ಆದರೆ ಸುರಕ್ಷಿತ.

ಆರ್ಮ್ ವಿನ್ಯಾಸದ 8.4ನೆಯ ಆವೃತ್ತಿಯ ಹೊತ್ತಿಗೆ ಇದಕ್ಕೆ ಯಂತ್ರದಲ್ಲಿಯೇ ಪರಿಹಾರ ಬಂದಿತು: ಗೆಸ್ಟ್ ಏನೇ ಹೇಳಲಿ, ಅದೂ ಚೀಟಿಯ ಮೂಲಕವೇ ಓದುವಂತೆ ಎರಡನೆಯ ಕೋಷ್ಟಕವೇ ಒತ್ತಾಯಿಸಬಹುದು. ಆಗ ದತ್ತಾಂಶದ ಪುಟಗಳನ್ನು ಏರಿಸುವ, ರದ್ದುಮಾಡುವ ಕೆಲಸವೇ ಉಳಿಯುವುದಿಲ್ಲ. ನನ್ನ ಪೈ 4ರೊಳಗಿನ ಕಾರ್ಟೆಕ್ಸ್ ಎ72 ಇನ್ನೂ 8.0ರ ಕಾಲದ್ದು. ಪರದೆಯ ಮೇಲೆ 1 ಜಿಬಿ ಗುರುತಿನಾಚೆ ಹೊಸ ಪುಟ ಕೇಳುವ ಒಂದೊಂದು ಸಾಲು ಹರಿದಾಗಲೂ, ಕೊಡುವ ಪುಟ 4 ಕೆಬಿಯದೇ ಆಗಿದ್ದರೂ, ಅಲ್ಲಿ ಕಡಿಮೆಯೆಂದರೆ 64 ಚೀಟಿಗಳ ವಿಚಾರಣೆ ನಡೆದಿರುತ್ತದೆ.