ಸಿಡಿಆರ್ ತೆಗೆಸಿದರೆ ನಮ್ಮ ಮಾತೆಲ್ಲ ಪೊಲೀಸರ ಕಿವಿಗೆ ಬಿದ್ದಂತೆಯೇ?

ಓದುಗರ ಪ್ರಶ್ನೆ: ‘ಪೊಲೀಸರು ಸಿಡಿಆರ್ ತೆಗೆಸಿದ್ದಾರೆ, ಲೊಕೇಶನ್ ಸಿಕ್ಕಿದೆ’ ಎಂದು ಸುದ್ದಿಯಲ್ಲಿ ಬರುತ್ತದಲ್ಲ, ಅದೂ ಫೋನ್ ಕದ್ದಾಲಿಕೆಯೇ?

ಅಲ್ಲ. ಕದ್ದಾಲಿಕೆ ಎನ್ನಬೇಕಾದರೆ ಮಾತು ಕಿವಿಗೆ ಬೀಳಬೇಕು. ಟೆಲಿಕಾಂ ಕಂಪನಿಯ ಸ್ವಿಚ್ಚಿನಲ್ಲಿ ಒಂದು ನಂಬರಿಗೆ ಗುರುತು ಹಾಕಿ, ಅಲ್ಲಿಂದಾಚೆಗಿನ ಕರೆಗಳನ್ನು ನಕಲು ಮಾಡಿ ಕೇಳುವುದು ಟ್ಯಾಪಿಂಗ್. ಗುರುತು ಬೀಳುವ ಮುಂಚೆ ಆಡಿದ ಮಾತು ಅದರಲ್ಲಿ ಸಿಗದು.

ಸಿಡಿಆರ್ (ಕಾಲ್ ಡೀಟೇಲ್ ರೆಕಾರ್ಡ್) ಬೇರೆಯೇ, ಅದು ಕರೆಗಳ ಲೆಕ್ಕದ ಪುಸ್ತಕ. ಒಂದು ಸಾಲು ನೋಡಿ: ಕರೆ ಮಾಡಿದ ನಂಬರು, ಕರೆ ಹೋದ ನಂಬರು, ಶುರುವಾದ ಹೊತ್ತು, ಎಷ್ಟು ಸೆಕೆಂಡು, ಹ್ಯಾಂಡ್‌ಸೆಟ್ಟಿನ ಗುರುತಿನ ಸಂಖ್ಯೆಯಾದ ಐಎಂಇಐ, ಸಿಮ್ಮಿನ ಗುರುತಿನ ಸಂಖ್ಯೆಯಾದ ಐಎಂಎಸ್ಐ, ಕರೆಯ ಶುರುವಿಗೆ ಮತ್ತು ಕೊನೆಗೆ ಫೋನು ಹಿಡಿದಿದ್ದ ಟವರಿನ ಗುರುತು, ಅಂದರೆ ಸೆಲ್ ಐಡಿ. ಮಾತು ಒಂದಕ್ಷರವೂ ಇಲ್ಲ. ಹಾಗಂತ ‘ಬರೀ ಮೆಟಾಡೇಟಾ (ಮಾತಲ್ಲ, ಕರೆಯ ವಿವರ) ತಾನೇ’ ಎಂದು ತಳ್ಳಿಹಾಕುವವರ ಮಾತನ್ನೂ ನಂಬಬೇಡಿ. ಅಮೆರಿಕದ ಕಾರ್ಪೆಂಟರ್ ಪ್ರಕರಣದಲ್ಲಿ ಒಬ್ಬನ 127 ದಿನಗಳ ಓಡಾಟಕ್ಕೆ 12,898 ಲೊಕೇಶನ್ ದಾಖಲೆ ಸಿಕ್ಕಿದ್ದವು. ಇಂಥ ದಾಖಲೆಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ಹೆಚ್ಚು ಎಡವುವುದು ‘ಲೊಕೇಶನ್’ ಎಂಬ ಪದದಲ್ಲಿ. ಸೆಲ್ ಐಡಿ ತೋರಿಸುವುದು ಮನೆಯನ್ನಲ್ಲ, ಟವರಿನ ಒಂದು ಮಗ್ಗುಲನ್ನು. ಸಾಮಾನ್ಯವಾಗಿ ಒಂದು ಟವರಿಗೆ ಮೂರು ಮಗ್ಗುಲು, ತಲಾ 120 ಡಿಗ್ರಿ. ಜಿಎಸ್ಎಂನಲ್ಲಿ, ಅಂದರೆ 2ಜಿಯಲ್ಲಿ, ಟೈಮಿಂಗ್ ಅಡ್ವಾನ್ಸ್ (ಫೋನು–ಟವರಿನ ನಡುವೆ ಸಂಕೇತ ಓಡಾಡಲು ಹಿಡಿಯುವ ಹೊತ್ತಿನ) ಅಳತೆಯೂ ಸಿಕ್ಕರೆ ದೂರ ಸುಮಾರು 550 ಮೀಟರ್ ಅಗಲದ ಪಟ್ಟಿಗೆ ಇಳಿಯುತ್ತದೆ, ಅಷ್ಟೇ. ಅದೂ ಅಲ್ಲದೆ ಫೋನು ಹತ್ತಿರದ ಟವರನ್ನೇ ಹಿಡಿಯುತ್ತದೆಂದಿಲ್ಲ. ನಡುವೆ ಕಟ್ಟಡ ಅಡ್ಡವಿದ್ದರೆ, ಆ ಟವರಿನಲ್ಲಿ ದಟ್ಟಣೆಯಿದ್ದರೆ, ದೂರದ್ದಕ್ಕೆ ಜಿಗಿಯುತ್ತದೆ. ಇನ್ನು ಆ ಹೊತ್ತಿನಲ್ಲಿ ಸಿಮ್ ಯಾರ ಜೇಬಿನಲ್ಲಿತ್ತು ಎಂಬುದನ್ನಂತೂ ಯಾವ ಸಾಲೂ ಹೇಳದು.

ಟವರ್ ಡಂಪ್ ಇದಕ್ಕೆ ತಿರುವುಮುರುವು: ನಂಬರಿನಿಂದ ಜಾಗವಲ್ಲ, ಜಾಗದಿಂದ ನಂಬರುಗಳು. ಒಂದು ಟವರಿನಲ್ಲಿ ಗೊತ್ತಾದ ಹೊತ್ತಿಗೆ ಇದ್ದವರೆಲ್ಲ ಪಟ್ಟಿಗೆ ಬರುತ್ತಾರೆ, ದಾರಿಹೋಕರೂ ಸೇರಿ. ಎರಡು ಕಡೆಯ ಪಟ್ಟಿ ತಾಳೆ ಹಾಕಿ ಎರಡರಲ್ಲೂ ಇರುವ ನಂಬರನ್ನು ಹುಡುಕುತ್ತಾರೆ. ದಿನವೂ ಅದೇ ದಾರಿಯಲ್ಲಿ ಓಡಾಡುವವರು ಇದರಲ್ಲಿ ಸುಮ್ಮನೆ ಸಿಕ್ಕಿಬೀಳಬಹುದು.

ಐಎಂಎಸ್ಐ ಕ್ಯಾಚರ್ ಎಂದರೆ ಟವರಿನ ವೇಷ ಹಾಕಿ, ಸುತ್ತಲಿನ ಫೋನುಗಳನ್ನು ತನ್ನತ್ತ ಸೆಳೆದು ಅವುಗಳ ಐಎಂಎಸ್ಐ ಹಿಡಿಯುವ ಪೆಟ್ಟಿಗೆ. ‘ಸ್ಟಿಂಗ್‌ರೇ’ ಎಂಬುದು ಅಂಥ ಒಂದರ ಬ್ರ್ಯಾಂಡ್ ಹೆಸರು. 2ಜಿಯಲ್ಲಿ ಟವರು ತನ್ನ ಗುರುತನ್ನು ಫೋನಿಗೆ ರುಜುವಾತು ಮಾಡಬೇಕಿಲ್ಲ, ಹಾಗಾಗಿ ಮೋಸ ಸಲೀಸು. ಕೆಲವು ಆಂಡ್ರಾಯ್ಡ್ ಫೋನುಗಳ ಸಿಮ್ ಸೆಟ್ಟಿಂಗ್‌ನಲ್ಲಿ 2ಜಿಯನ್ನು ಬಂದ್ ಮಾಡಿಡಬಹುದು. ಆದರೆ 4ಜಿಯಲ್ಲೂ ಐಎಂಎಸ್ಐ ಹಿಡಿಯುವ ಪೆಟ್ಟಿಗೆಗಳಿವೆ, ಅವಕ್ಕೆ ಈ ಉಪಾಯ ನಾಟದು.